ನಾಲ್ಕನೇ ಜ್ವರ ಎದ್ದ ಮೇಲೆ

ಈ ಕಡೆಯ ಶಾಲೆಗೆ ವರ್ಗವಾಗಿ ಬಂದ ಮೊದಲ ತಿಂಗಳಲ್ಲೇ ನಾನು ಮಕ್ಕಳ ಮುಂದೆ ನಗೆಪಾಟಲಾದೆ. ಎರಡು ದಿನ ತಪ್ಪಿಸಿಕೊಂಡಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿ, ಯಾಕಪ್ಪಾ ಬರಲಿಲ್ಲ ಎಂದು ಕೇಳಿದೆ. "ಮನೇಲಿ ಜ್ವರ ಮಿಸ್" ಎಂದ. ಯಾರಿಗೆ ಎಂದೆ. "ಎಲ್ಲಕ್ಕೂ ಮಿಸ್. ಮೂರನೇ ಜ್ವರ." ನಾನು ಗಾಬರಿಬಿದ್ದು, ಡಾಕ್ಟರಿಗೆ ತೋರಿಸಿದಿರಾ, ಮಾತ್ರೆ ಏನಾದರೂ ಕೊಟ್ಟಿರಾ ಎಂದು ವಿಚಾರಿಸಿಕೊಳ್ಳತೊಡಗಿದೆ. ಇಡೀ ತರಗತಿ ಬೆಂಚು ಬಡಿದುಕೊಂಡು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, "ಹುಳಕ್ಕೆ ಮಾತ್ರೆ ಕೊಡಬೇಕಂತೆ ಕಣ್ಲಾ" ಎಂದದ್ದು ಈಗಲೂ ಕಿವಿಯಲ್ಲಿದೆ.

ನಾನು ಬೆಳೆದದ್ದು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ. ರೇಷ್ಮೆ ಎಂದರೆ ಅಮ್ಮನ ಟ್ರಂಕಿನಲ್ಲಿ ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದ ಒಂದೇ ಒಂದು ಸೀರೆ. ರಾಮನಗರದ ಸುತ್ತಿನ ಈ ಹಳ್ಳಿಗಳಲ್ಲಿ ರೇಷ್ಮೆ ಎಂದರೆ ಹುಳ, ಮತ್ತು ಹುಳಕ್ಕೆ ಜ್ವರ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಬೆಳೆಯುವ ಹುಳ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಬಿಟ್ಟು ಮತ್ತೆ ತಿನ್ನತೊಡಗುತ್ತದೆ. ನಾನು ಕಲಿಸುವ ಪುಸ್ತಕದಲ್ಲಿ ಅದಕ್ಕೆ ಪೊರೆ ಕಳಚುವುದು ಎಂದು ಹೆಸರು. ಇಲ್ಲಿ ಜ್ವರ. ಹುಳ ಜ್ವರಕ್ಕೆ ಕೂತಿತು ಎಂದರೆ ಮನೆಯವರಿಗೆ ಒಂದು ದಿನ ಉಸಿರಾಡಲು ಬಿಡುವು. ಜ್ವರ ಎದ್ದಿತು ಎಂದರೆ ಮತ್ತೆ ಸೊಪ್ಪು ಹೊರುವ ಕೆಲಸ.

ಅವಮಾನವಾದದ್ದಕ್ಕೋ ಏನೋ, ಆ ಮಾತನ್ನು ನಾನು ಹಟ ಹಿಡಿದು ಕಲಿತೆ. ಮೂರು ವರ್ಷ ಕಳೆಯುವ ಹೊತ್ತಿಗೆ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಮುಖ ನೋಡಿಯೇ, "ನಾಲ್ಕನೇ ಜ್ವರ ಎದ್ದಿದೆಯೇನೋ?" ಎಂದು ಕೇಳುವಷ್ಟು ಪಂಡಿತಳಾದೆ. ನಾಲ್ಕನೆಯದು ಎದ್ದ ಮೇಲೆ ಹುಳ ಹೊತ್ತುಗೊತ್ತಿಲ್ಲದೆ ಮುಕ್ಕುತ್ತದೆ. ಮನೆಯ ಮಕ್ಕಳೂ ನಿದ್ದೆಗೆಟ್ಟು ಸೊಪ್ಪು ಹಾಕಬೇಕು. ಮಕ್ಕಳು ನನಗೆ ಮೆಣಸಿನಕಾಯಿ ಮಿಸ್ ಎಂದು ಹೆಸರಿಟ್ಟಿದ್ದರು. ಆದರೆ ನಾಲ್ಕನೇ ಜ್ವರ ಎದ್ದ ಮನೆಯ ಮಕ್ಕಳು ನನ್ನ ತರಗತಿಯಲ್ಲಿ ನಿದ್ದೆ ಹೋದರೆ ನಾನು ಬೈಯುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಬಿಗಿಯಾಗಿ ಎರಡು ಜಡೆ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಸೊಪ್ಪಿನ ಕರೆ. ಮಾತು ಕಡಿಮೆ, ಆದರೆ ಬಾಯಿ ಬಿಟ್ಟರೆ ಎದುರಿದ್ದವರು ಒಂದು ಗಳಿಗೆ ಸುಮ್ಮನಾಗಬೇಕು, ಅಂಥವಳು. ನಾನು ಕಪ್ಪುಹಲಗೆಯ ಮೇಲೆ ರೇಷ್ಮೆಹುಳದ ಜೀವನಚಕ್ರ ಬರೆದೆ. ಮೊಟ್ಟೆ, ಹುಳ, ಕೋಶ, ಚಿಟ್ಟೆ. ಒಂದರಿಂದ ಒಂದಕ್ಕೆ ಬಾಣ. ಈ ಪಾಠವನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ, ನೀವೇ ನನಗೆ ಹೇಳಿಕೊಡಬಹುದು ಎಂದು ಚೇಷ್ಟೆಯನ್ನೂ ಮಾಡಿದೆ. ಅವಳು ಎದ್ದು ನಿಂತಳು.

"ನಮ್ಮನೇಲಿ ನಾಲ್ಕನೇದು ಇಲ್ಲ ಮಿಸ್."

"ಇಲ್ಲ ಅಂದ್ರೆ?"

"ಚಿಟ್ಟೆ ಬರಲ್ಲ. ಗೂಡು ಬಿಡ್ಸಿ ಮಾರ್ಕೆಟ್ಟಿಗೆ ಹಾಕ್ಬುಡ್ತೀವಲ್ಲ, ಅಲ್ಲಿಂದ ನೂಲು ತೆಗೆಯೋರು ತಗೊಂಡೋಗಿ ಬಿಸಿನೀರಿಗೆ ಹಾಕ್ತಾರೆ. ನಮ್ಮೂರಲ್ಲಿ ಯಾರೂ ಅದನ್ನ ನೋಡಿಲ್ಲ. ನೀವು ನೋಡಿದ್ದೀರಾ?"

ನಾನೂ ನೋಡಿರಲಿಲ್ಲ. ಇಷ್ಟು ವರ್ಷ ಪುಸ್ತಕದ ಚಿತ್ರ ನೋಡಿಕೊಂಡು ಹಲಗೆಯ ಮೇಲೆ ರೆಕ್ಕೆ ಬರೆದಿದ್ದೆ ಅಷ್ಟೆ. ಹುಳುವಿನ ಜೊತೆಯೇ ಹುಟ್ಟಿ ಬೆಳೆದ ಮಕ್ಕಳು ಆ ಹುಳು ಕೊನೆಗೆ ಏನಾಗುತ್ತದೆ ಎಂದು ಒಮ್ಮೆಯೂ ಕಂಡಿಲ್ಲ ಎಂಬುದು ನನಗೆ ಆ ದಿನ ಬಹಳ ಚುಚ್ಚಿತು.

ಮಾರನೆಯ ವಾರ ಅವಳು ಜಾಮಿಟ್ರಿ ಬಾಕ್ಸಿನಲ್ಲಿ ಎರಡು ಹಳದಿ ಗೂಡು ತಂದುಕೊಟ್ಟಳು. ಪ್ರಯೋಗಾಲಯ ಎಂದು ನಾವು ಕರೆಯುವ ಕೋಣೆಯ ಬೀರುವಿನಲ್ಲಿ ಇಟ್ಟೆ. ಇರುವೆ ಮುತ್ತಿ ಎರಡನ್ನೂ ಹಾಳುಮಾಡಿದವು. ಇನ್ನೆರಡು ತಾ ಎಂದರೆ, "ಅವ್ವಂಗೆ ಗೊತ್ತಾಗೋಯ್ತು ಮಿಸ್, ಬೈದ್ಲು" ಎಂದಳು. ಎರಡು ಗೂಡಿಗೆ ಬೈದಳೇ ಎಂದು ಕೇಳಿದೆ. ಗೂಡಿಗಲ್ಲವಂತೆ. ಗೂಡು ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬರುವುದು ಒಳ್ಳೆಯದಲ್ಲವಂತೆ.

ಹಾಗಾದರೆ ಬೇರೆ ಚಿಟ್ಟೆಯನ್ನಾದರೂ ತೋರಿಸಬೇಕು ಎಂದು ನನಗೆ ಹಟ ಹತ್ತಿತು. ಕಾಡಿನ ಅಂಚಿನಲ್ಲಿ ಕತ್ತಲಾದ ಮೇಲೆ ಒಂದು ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ದೀಪ ಹಚ್ಚಿದರೆ ರಾತ್ರಿ ಚಿಟ್ಟೆಗಳು ತಾವಾಗಿ ಬಂದು ಕೂರುತ್ತವೆ ಎಂದು ತರಬೇತಿಯೊಂದರಲ್ಲಿ ಕೇಳಿದ್ದೆ. ಮಾಗಡಿ ಕಡೆ ಸಾವನದುರ್ಗದ ಬುಡದಲ್ಲಿ, ಮಕ್ಕಳಿಲ್ಲದೆ ಮುಚ್ಚಿದ್ದ ಪ್ರಾಥಮಿಕ ಶಾಲೆಯ ಕಟ್ಟಡವೊಂದು ಇತ್ತು. ಒಂದು ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಕಾಡಿನ ಅಂಚಿನಲ್ಲಿ ಮರ, ಹಕ್ಕಿ, ಹೆಜ್ಜೆ ಗುರುತು ನೋಡಿಕೊಂಡು ಬರುವುದು ಎಂದು ಯೋಚನೆ ಮಾಡಿ ಹೆಡ್‌ಮಾಷ್ಟರ ಮುಂದೆ ಹೋಗಿ ನಿಂತೆ.

ನಮ್ಮ ಹೆಡ್‌ಮಾಷ್ಟರು ನಿವೃತ್ತಿಗೆ ಹತ್ತಿರವಾದವರು. ಗಾಳಿ ಬೀಸಿದರೂ ಮೇಲಿನವರು ಏನೆನ್ನುತ್ತಾರೋ ಎಂದು ನೋಡುವವರು.

"ಮೇಡಂ, ಹಗಲೊತ್ತು ಕರ್ಕೊಂಡೋಗಿ ಬಂದ್ಬುಡಿ. ರಾತ್ರಿ ಯಾಕೆ?"

"ರಾತ್ರಿ ಚಿಟ್ಟೆ ಹಗಲು ಬರಲ್ಲ ಸಾರ್."

"ಅಲ್ಲಿ ಚಿರತೆ ಐತಂತೆ."

"ಚಿರತೆ ಈಗ ಎಲ್ಲಿಲ್ಲ ಸಾರ್? ಮೊನ್ನೆ ನಿಮ್ಮ ಊರಿನ ಕೊಟ್ಟಿಗೆಗೇ ಬಂದಿತ್ತಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಉಳಿಸಿಕೊಳ್ಳುವುದೆಂದರೆ ಹುಡುಗಾಟವಲ್ಲ, ಪ್ರತಿ ಮನೆಯವರೂ ಒಪ್ಪಬೇಕು, ಕಚೇರಿಯಿಂದ ಅನುಮತಿ ಬರಬೇಕು, ಅರಣ್ಯದವರಿಗೆ ತಿಳಿಸಬೇಕು ಎಂದರು. ಎಲ್ಲವನ್ನೂ ನಾನೇ ಮಾಡುತ್ತೇನೆ ಎಂದೆ. ಮಾಡಿದೆ ಕೂಡ. ರಾಮನಗರದ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಹಿಡಿದುಕೊಂಡಿತು. ಮುಚ್ಚಿದ ಶಾಲೆಯ ಶೌಚಾಲಯಕ್ಕೆ ಬಾಗಿಲು ಹಾಕಿಸಿ, ನಲ್ಲಿಗೆ ನೀರು ಬರುವಂತೆ ಮಾಡುವುದರೊಳಗೆ ನನ್ನ ತಾಳ್ಮೆಯೂ ಮುಗಿದಿತ್ತು. ಅಡಿಗೆಯವರು ಬರುತ್ತೇನೆಂದರು, ಬಸ್ಸಿನವನು ಒಪ್ಪಿದ. ಇಷ್ಟಾದರೂ ಒಂದು ದಿನ ಗೊತ್ತುಮಾಡಲು ನಮ್ಮಿಂದ ಆಗಲಿಲ್ಲ.

ಕಾರಣ ಜ್ವರ. ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ಹುಳ. ಒಬ್ಬರ ಮನೆಯಲ್ಲಿ ಎರಡನೇ ಜ್ವರವಾದರೆ ಇನ್ನೊಬ್ಬರಲ್ಲಿ ನಾಲ್ಕನೆಯದು. ಒಬ್ಬರಿಗೆ ಬಿಡುವಾದರೆ ಇನ್ನೊಬ್ಬರಿಗೆ ಉಸಿರು ತಿರುಗಿಸಲೂ ಆಗದು. ಯಾವ ಶನಿವಾರ ಹೇಳಿದರೂ ನಾಲ್ಕು ಕೈ ಏಳುತ್ತಿದ್ದವು. "ಅವತ್ತು ಹಣ್ಣಾಗ್ತವೆ ಮಿಸ್." ನಾಲ್ಕನೇ ಜ್ವರ ಎದ್ದು ವಾರ ಕಳೆದ ಹುಳ ತಿನ್ನುವುದನ್ನು ಬಿಟ್ಟು ಹಣ್ಣಿನ ಹಾಗೆ ಹಳದಿಯಾಗುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ಸುರುಳಿ ತಟ್ಟಿಗೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ಆ ದಿನ ಮನೆಯಲ್ಲಿ ಸಾವಾದರೂ ಕೈ ಬಿಡುವಿರುವುದಿಲ್ಲ ಎಂದು ಇಲ್ಲಿಯವರು ಸಲೀಸಾಗಿ ಹೇಳುತ್ತಾರೆ. "ಹುಳವನ್ನ ಕೇಳಿ ಡೇಟ್ ಫಿಕ್ಸ್ ಮಾಡೋ ಟೀಚರ್ ಅಂದ್ರೆ ನೀವೊಬ್ರೇ ನೋಡಿ" ಎಂದು ಹೆಡ್‌ಮಾಷ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಗೆ ಒಂದೊಂದೇ ಮನೆ ಒಪ್ಪಿ, ಆ ಹುಡುಗಿಯ ಮನೆಯೊಂದೇ ಉಳಿಯಿತು. ಅವಳಿಲ್ಲದೆ ಹೋಗುವುದಾದರೆ ಹೋಗುವುದೇ ಬೇಡ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಒಂದು ಸಂಜೆ ಅವರ ಮನೆಗೆ ಹೋದೆ. ರಸ್ತೆಗೆ ಅಂಟಿಕೊಂಡ ಮನೆ. ಪಕ್ಕದಲ್ಲೇ ಹುಳದ ಮನೆ, ಶೀಟಿನದು. ಅದರ ಕಿಟಕಿ ಬಾಗಿಲಿಗೆಲ್ಲ ಸಣ್ಣ ಕಣ್ಣಿನ ಹಸಿರು ಬಲೆ, ಹುಳದ ಮೇಲೆ ಮೊಟ್ಟೆಯಿಡುವ ನೊಣ ಒಳಗೆ ಬಾರದಿರಲಿ ಎಂದು. ಮನೆಯವರು ಮಲಗುವ ಜಗಲಿಗೆ ಬಲೆ ಇರಲಿಲ್ಲ. ಹುಡುಗಿಯ ಅಪ್ಪ ಬಿಡದಿಯ ಕಾರ್ಖಾನೆಗಳಿಗೆ ಜನರನ್ನು ಕರೆದೊಯ್ಯುವ ಬಸ್ಸಿನ ಡ್ರೈವರು, ರಾತ್ರಿ ಪಾಳಿ. ಹುಳವನ್ನೆಲ್ಲ ಸಂಭಾಳಿಸುವುದು ತಾಯಿ, ಮಗಳು ಇಬ್ಬರೇ.

ತಾಯಿ ನನಗಿಂತ ಎಷ್ಟೋ ಚಿಕ್ಕವಳು. ಸೆರಗನ್ನು ಸೊಂಟಕ್ಕೆ ಬಿಗಿದು ಸೊಪ್ಪು ಕತ್ತರಿಸುತ್ತಿದ್ದಳು. ನಾನು ಹುಳದ ಮನೆಯ ಕಡೆ ಹೆಜ್ಜೆಯಿಟ್ಟ ಕೂಡಲೇ ಕೈ ಅಡ್ಡ ಹಿಡಿದಳು.

"ಒಳೀಕೆ ಬರ್ಬ್ಯಾಡಿ ಮಿಸ್. ಹೊರಗಾಗಿದ್ದೀರಾ?"

"ನನಗೆ ಆ ಕಾಲ ದಾಟಿತು ಕಣಮ್ಮ."

"ಆದ್ರೂವೆ ಆಚೇನೇ ಕುಂತ್ಕಳಿ" ಎಂದು ನಗುತ್ತ ಚಾಪೆ ಹಾಸಿ ಕಾಫಿ ಕೊಟ್ಟಳು. "ಹೆಣ್ಣುಡ್ಗೀನ ರಾತ್ರಿ ಹೊತ್ತು ಕಳ್ಸು ಅಂತೀರಲ್ಲ, ಚಿಟ್ಟೆ ನೋಡಕ್ಕೆ? ಅದೇನ್ ಅನ್ನ ಹಾಕ್ತದಾ?"

"ಅನ್ನ ಹಾಕಲ್ಲ. ಆದ್ರೆ ನಿನ್ನ ಮಗಳು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದಕ್ಕೇ ಬಂದೆ. ನೀನು ನೋಡಿದ್ದೀಯಾ ರೇಷ್ಮೆ ಚಿಟ್ಟೇನ?"

"ಯಾಕ್ ನೋಡ್ಲಿ ಮಿಸ್? ಬಾರಬ್ಯಾಡ್ದು ಅದು. ಗೂಡು ಕಟ್ಟಿದ ಮ್ಯಾಕೆ ನಾಕೈದು ದಿನಕ್ಕೆ ಬಿಡ್ಸಿ ಮಾರ್ಕೊಬುಡ್ತೀವಿ. ಚಿಟ್ಟೆ ಬಂತು ಅಂದ್ರೆ ಏನರ್ಥ? ಗೂಡು ಬಿಡ್ಸಕ್ಕೆ ಆ ಮನೇಲಿ ಜನ ಇಲ್ಲ ಅಂತ." ಹಾಗೆಂದವಳು ಮಗಳ ಕಡೆ ನೋಡಿದಳು. ಮಗಳು ಕಂಬಕ್ಕೆ ಒರಗಿ, ಉಗುರು ಕಚ್ಚುತ್ತ ನಿಂತಿದ್ದಳು. "ಇವಳ್ಗೆ ಹುಳ ಅಂದ್ರೆ ಜೀವ. ಸತ್ತ ಹುಳಾನೂ ಬಿಸಾಕಕ್ಕೆ ಬುಡಲ್ಲ, ಮಣ್ಣು ಮಾಡ್ತಾಳೆ."

ಕೈಲಿದ್ದ ಕಂತೆಯನ್ನು ಕತ್ತರಿಸಿ ಮುಗಿಸಿ ಮಚ್ಚು ಕೆಳಗಿಟ್ಟಳು. "ನೋಡಿ ಮಿಸ್, ಹಣ್ಣುಳ ಚಂದ್ರಿಕೆಗೆ ಬುಡೋಗಂಟ ನನ್ ಮಗಳನ್ನ ಕೇಳ್ಬ್ಯಾಡಿ. ಬುಟ್ಟಾದ್ ಮ್ಯಾಕೆ ಕರ್ಕೊಂಡೋಗಿ. ನಾನು ಬ್ಯಾಡ ಅನ್ನಲ್ಲ. ಮಾತು ಅಂದ್ರೆ ಮಾತು."

ಹೊರಡುವಾಗ ಒಳಗೆ ಹೋಗಿ ಟ್ರಂಕಿನಿಂದ ಬಿಳಿ ಪಂಚೆಯೊಂದನ್ನು ತಂದಳು. ಬಿಳಿ ಬಟ್ಟೆ ಬೇಕು ಎಂದು ಮಗಳು ಹೇಳಿದ್ದಳಂತೆ. ಮದುವೆಯಲ್ಲಿ ಗಂಡ ಉಟ್ಟದ್ದು, ಆಮೇಲೆ ಉಡದೆ ಇಟ್ಟದ್ದು. ಬೇಡವೆಂದರೂ ಕೇಳಲಿಲ್ಲ. "ನಿಮ್ ಚಿಟ್ಟೆ ಒಳ್ಳೆ ಬಟ್ಟೆ ಮ್ಯಾಲೇ ಕುಂತ್ಕಳ್ಲಿ" ಎಂದಳು. ಬಸ್ಸಿನಲ್ಲಿ ಆ ಪಂಚೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದ ಸಂಜೆ, ಬಹಳ ದಿನಗಳ ಮೇಲೆ ನನಗೆ ಖುಷಿಯಾಗಿತ್ತು.

ಆಮೇಲೆ ಮಳೆ ಹಿಡಿಯಿತು. ಹೊಲದ ಬದು, ರಸ್ತೆಯ ಗುಂಡಿ, ಮನೆಮುಂದಿನ ಡ್ರಮ್ಮು, ಎಲ್ಲೆಲ್ಲೂ ನೀರು. ಥಂಡಿಗೆ ಹುಳ ನಿಧಾನವಾಗುತ್ತವೆ. ಕೊನೆಗೊಂದು ದಿನ ಆ ಹುಡುಗಿ ಓಡಿಬಂದು, "ನಾಲ್ಕನೇದು ಎದ್ದವೆ ಮಿಸ್!" ಎಂದಳು. ಲೆಕ್ಕ ಹಾಕಿ ಮುಂದಿನ ವಾರದ ಶನಿವಾರ ಎಂದು ಗೊತ್ತುಮಾಡಿದೆವು. ಹೆಡ್‌ಮಾಷ್ಟರು ಸಹಿ ಹಾಕಿದರು. ಇನ್ನು ಮುಂದೂಡಿದರೆ ತಾವು ಜವಾಬ್ದಾರರಲ್ಲ ಎಂದೂ ಸೇರಿಸಿದರು.

ಆ ವಾರ ಅವಳು ಶಾಲೆಗೆ ಬರಲಿಲ್ಲ. ಮೊದಲೆರಡು ದಿನ ನಾನೂ ಕೇಳಲಿಲ್ಲ, ಕೆಲಸದ ವಾರ ತಾನೇ. ಬುಧವಾರವೋ ಗುರುವಾರವೋ, ಹೊರಡುವ ಮಕ್ಕಳ ತಲೆ ಎಣಿಸುವಾಗ ಅವಳ ಪಕ್ಕದ ಮನೆಯ ಹುಡುಗಿಯನ್ನು ಕೇಳಿದೆ. ಬಹಳ ಸಂಕೋಚದ ಮಗು ಅದು, ಹಾಜರಿ ಕೂಗಿದಾಗ ಎಸ್ ಮಿಸ್ ಎನ್ನುವುದೂ ಕೇಳಿಸುವುದಿಲ್ಲ.

"ಅವರ ಮನೇಲಿ ಜ್ವರ ಮಿಸ್" ಎಂದಳು. "ಬಿಟ್ಟೇ ಇಲ್ಲ."

ನನಗೆ ರೇಗಿತು. ನಾಲ್ಕನೆಯದು ಎದ್ದಾಯಿತು ಎಂದವಳು, ಈಗ ಮತ್ತೆ ಜ್ವರವೆಂದರೆ? ಯಾರೋ ಹುಡುಗ, "ಎರಡನೇ ಬ್ಯಾಚು ಇರ್ಬೇಕು ಮಿಸ್, ಥಂಡಿಗೆ ತಡ ಆಗ್ತವೆ" ಎಂದು ತನಗೆ ತೋಚಿದ್ದು ಹೇಳಿದ. ಇದ್ದರೂ ಇರಬಹುದು ಎನಿಸಿತು. ನಾನು ಮೂರು ವರ್ಷದ ಹಿಂದಿನ ಅವಮಾನವನ್ನು ತಿರುಗಿಸಿ ಹೇಳುವ ಉಮೇದಿನಲ್ಲಿ, "ಹಾಗಾದ್ರೆ ಆ ಹುಳಕ್ಕೆ ಒಂದೊಂದು ಮಾತ್ರೆ ನುಂಗಿಸಿ ಬೇಗ ಎಬ್ಬಿಸು ಅಂತ ಹೇಳು ಅವಳಿಗೆ" ಎಂದೆ. ತರಗತಿಯೆಲ್ಲ ನಕ್ಕಿತು. ಆ ಮಗು ಬಾಯಿ ತೆರೆದು ಏನೋ ಹೇಳಲು ನೋಡಿತು. ನಗು ಇನ್ನೂ ನಿಂತಿರಲಿಲ್ಲ. ಆಮೇಲೆ ತಾನೂ ಒಂದಿಷ್ಟು ನಕ್ಕು ಕೂತುಕೊಂಡಿತು.

ಶುಕ್ರವಾರ ಸಂಜೆ ತಾಯಿಯ ಫೋನಿಗೆ ಮಾಡಿದೆ. ರಿಂಗಾಗಿ ನಿಂತಿತು. ಹಣ್ಣುಹುಳ ಆರಿಸುವವರು ಫೋನು ಎತ್ತುವುದಿಲ್ಲ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಹೊರಟೆವು. ಮಾಗಡಿ ರಸ್ತೆಗೆ ಹೋಗುವ ಬಸ್ಸು ಅವರ ಮನೆಯ ಮುಂದೆಯೇ ಹಾಯಬೇಕು. ಅವಳು ರಸ್ತೆಗೆ ಬಂದು ನಿಂತಿರುತ್ತಾಳೆ ಎಂದು ಡ್ರೈವರಿಗೆ ನಿಧಾನ ಮಾಡಲು ಹೇಳಿದ್ದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಹುಳದ ಮನೆಯ ಹೊರಗೋಡೆಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು, ಎಲ್ಲ ಭರ್ತಿ. ಹುಳಗಳು ತಲೆ ಆಡಿಸುತ್ತ ನೂಲು ಬಿಡುತ್ತಿದ್ದವು. ಅಂತೂ ಬಿಟ್ಟಾಗಿದೆ! ಬಿಟ್ಟಾಗಿದ್ದರೂ ಕಳಿಸಿಲ್ಲ! ಮಾತು ಅಂದರೆ ಮಾತು ಎಂದವಳು ಇವಳೇ ತಾನೇ ಎಂದು ನನ್ನ ಮೈ ಉರಿದುಹೋಯಿತು. ಎರಡು ಸಲ ಹಾರ್ನ್ ಹೊಡೆಸಿದೆ. ಮನೆಯ ಬಾಗಿಲು ಹಾಕಿತ್ತು. ಹೋಗಲಿ ನಡೀರಿ ಎಂದೆ.

ಸಾವನದುರ್ಗದ ಬುಡದಲ್ಲಿ ಸಂಜೆಯಿಡೀ ತುಂತುರು. ಬಂಡೆಯ ಅರ್ಧ ಮೋಡದಲ್ಲಿ ಮುಳುಗಿತ್ತು. ಬರುವುದಿಲ್ಲ ಎಂದಿದ್ದ ಹೆಡ್‌ಮಾಷ್ಟರು ಮಫ್ಲರು ಸುತ್ತಿಕೊಂಡು ಟಾರ್ಚು ಹಿಡಿದು ಬಂದೇ ಬಂದಿದ್ದರು. ಶಾಲೆಯ ಜಗಲಿಯಲ್ಲಿ ಪಂಚೆ ಕಟ್ಟಿ ದೀಪ ಹಚ್ಚಿದೆವು. ಊಟ ಮುಗಿಯುವುದರೊಳಗೆ ಒಂದೊಂದೇ ಬಂದು ಕೂತವು. ಒಣಗಿದ ಎಲೆಯಂತಹದು, ಬೂದಿ ಬಣ್ಣದ್ದು, ಹೆಬ್ಬೆರಳುಗುರಿನಷ್ಟೇ ಇರುವ ಹಸಿರಿನದು. ಮಕ್ಕಳು ಪಿಸುಗುಟ್ಟುತ್ತ ಹತ್ತಿರ ಹೋಗಿ ನೋಡಿದರು. ಎಂದೂ ಚಿಟ್ಟೆ ಕಾಣದವರಂತೆ ನೋಡಿದರು. ಅದನ್ನೇ ಬಯಸಿ ನಾನು ಅಷ್ಟು ಓಡಾಡಿದ್ದು. ಆದರೆ ಆ ಪಂಚೆಯನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಮರುಕಳಿಸುತ್ತಿತ್ತು. ಬಟ್ಟೆ ಕಳಿಸಿದವರಿಗೆ ಮಗಳನ್ನು ಕಳಿಸಲಾಗಲಿಲ್ಲವೇ ಎಂದು ಹೆಡ್‌ಮಾಷ್ಟರ ಹತ್ತಿರ ಗೊಣಗಿದೆ. "ಹೋಗ್ಲಿ ಬುಡಿ ಮೇಡಂ, ಏನ್ ತಾಪತ್ರಯವೋ" ಎಂದರು ಅವರು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದಾಗ ಹೆಡ್‌ಮಾಷ್ಟರು ಶಾಲೆಯ ಗೇಟಿನಲ್ಲೇ ನಿಂತಿದ್ದರು. ಹುಡುಗಿಯ ತಾಯಿ ಹೋಗಿಬಿಟ್ಟಳಂತೆ, ಭಾನುವಾರ, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ. ಸೊಳ್ಳೆಯಿಂದ ಬರುವ ಆ ಜ್ವರ. ವಾರದಿಂದ ಮಲಗಿದ್ದಳಂತೆ. ಮೊದಲು ಊರಿನಲ್ಲೇ ಇಂಜೆಕ್ಷನ್ನು, ಆಮೇಲೆ ರಾಮನಗರ, ಅಲ್ಲಿಂದ ಬೆಂಗಳೂರು.

ತರಗತಿಗೆ ಹೋದೆ. ಪಕ್ಕದ ಮನೆಯ ಆ ಮಗು ತಾನಾಗಿಯೇ ಎದ್ದು ನಿಂತಿತು. ಆ ದಿನ ಅದರ ಮಾತು ಕೊನೆಯ ಬೆಂಚಿಗೂ ಕೇಳಿಸಿತು.

"ನಾನು ಹೇಳಿದ್ನಲ್ಲ ಮಿಸ್, ಜ್ವರ ಅಂತ."

ಅಂದೇ ನನಗೆ ಅರ್ಥವಾಗಿದ್ದರೆ ಆ ತಾಯಿ ಉಳಿಯುತ್ತಿದ್ದಳೇ? ಇಲ್ಲ. ಟೀಚರಿಗೆ ಅರ್ಥವಾಯಿತೆಂದು ಜ್ವರ ಇಳಿಯುವುದಿಲ್ಲ. ಅದನ್ನು ನಾನು ನನಗೇ ಹೇಳಿಕೊಂಡಿದ್ದೇನೆ, ಅದು ನಿಜವೂ ಹೌದು. ಆದರೂ ಜ್ವರ ಎದ್ದಿದೆಯೇನೋ ಎಂಬ ಆ ಮಾತು ನನ್ನ ಬಾಯಿಗೆ ಬರುವುದೇ ನಿಂತುಹೋಗಿದೆ. ಈಗ ಯಾರಾದರೂ ಮನೇಲಿ ಜ್ವರ ಎಂದರೆ, ಹುಳಕ್ಕೋ ಮನುಷ್ಯರಿಗೋ ಎಂದು ಕೇಳುತ್ತೇನೆ. ಹೊಸ ಮಕ್ಕಳು ನಗುತ್ತಾರೆ.

ತಿಥಿಯ ದಿನ ಪಂಚೆಯನ್ನು ಒಗೆದು, ಇಸ್ತ್ರಿ ಮಾಡಿಸಿಕೊಂಡು ಹೋದೆ. ಚಿಟ್ಟೆಗಳು ಕೂತಲ್ಲೆಲ್ಲ ಸಣ್ಣ ಕಂದು ಕಲೆಗಳು ಉಳಿದಿದ್ದವು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಶಾಮಿಯಾನದ ಕೆಳಗೆ ಊಟದ ಪಂಕ್ತಿ ನಡೆದಿತ್ತು. ಅಪ್ಪ ತಲೆ ಬೋಳಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಕೈ ಮುಗಿದ. ಹುಡುಗಿ ಎಲ್ಲಿ ಎಂದರೆ ಆ ಪಕ್ಕದಲ್ಲಿ ಇದ್ದಾಳೆ ಎಂದು ಯಾರೋ ಕೈ ತೋ​ರಿಸಿದರು.

ಅವಳು ಹುಳದ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಅಳಲಿಲ್ಲ. ಪಂಚೆ ಕೊಟ್ಟೆ. ಅದನ್ನು ಎದೆಗೆ ಅವಚಿಕೊಂಡು, ನಾನು ಕೇಳದಿದ್ದರೂ ಹೇಳತೊಡಗಿದಳು. ಅಪ್ಪ ಆಸ್ಪತ್ರೆಯಲ್ಲಿ ಇದ್ದುದರಿಂದ ಹುಳವನ್ನೆಲ್ಲ ಅವಳೊಬ್ಬಳೇ ಆರಿಸಿದಳಂತೆ. ಶನಿವಾರ ಬೆಳಿಗ್ಗೆ ಆಸ್ಪತ್ರೆಯಿಂದ ಅಪ್ಪನ ಫೋನಿನಲ್ಲಿ ಅವ್ವ ಮಾತಾಡಿದಳಂತೆ.

"ಎಲ್ಲಾ ಚಂದ್ರಿಕೆಗೆ ಬುಟ್ಟಾ ಅಂತ ಕೇಳಿದ್ಲು ಮಿಸ್. ಬುಟ್ಟೆ ಕಣವ್ವ ಅಂದೆ. ಹಂಗಾರೆ ಮಿಸ್ ಜೊತೆ ಹೋಗು, ನಾನು ಮಾತು ಕೊಟ್ಟಿವ್ನಿ, ನಂಗೇನಾಗಲ್ಲ ಅಂದ್ಲು."

ಅವಳು ಪಂಚೆಯ ಅಂಚನ್ನು ಮಡಿಸುತ್ತ ಮುಂದುವರಿಸಿದಳು.

"ಬಟ್ಟೆ ಹಾಕ್ಕೊಂಡು ರೆಡಿಯಾಗಿದ್ದೆ. ರಾತ್ರಿಯೆಲ್ಲಾ ನಿದ್ದೆ ಇರ್ಲಿಲ್ಲ. ಒಳಗೆ ಗೋಡೆಗೆ ಒರಗ್ಕೊಂಡು ಕುಂತೆ, ಹಂಗೇ ನಿದ್ದೆ ಹತ್ತೋಯ್ತು. ಹಾರ್ನ್ ಕೇಳ್ತು ಮಿಸ್. ಎದ್ದು ಆಚೆ ಬರೋ ಹೊತ್ಗೆ ಬಸ್ಸು ತಿರುವು ದಾಟಿತ್ತು."

ನನಗೆ ಅಳು ಬಂತು. ಅವಳೇ ನನ್ನ ಕೈ ಹಿಡಿದು ಬಾಗಿಲ ಬಲೆ ಸರಿಸಿದಳು. "ಬನ್ನಿ ಮಿಸ್" ಎಂದಳು. ಆ ಮನೆಯ ಒಳಗೆ ನನ್ನನ್ನು ಕರೆದದ್ದು ಅದೇ ಮೊದಲು.

ಮಳೆ ಬಂತೆಂದು ಯಾರೋ ಚಂದ್ರಿಕೆಗಳನ್ನು ಒಳಗೆ ತಂದು ನಿಲ್ಲಿಸಿ ಹೋಗಿದ್ದರು. ಅಲ್ಲಿಂದ ಮುಂದೆ ಯಾರೂ ಮುಟ್ಟಿರಲಿಲ್ಲ. ಸೂತಕದ ಮನೆಯವರು ಹುಳದ ಮನೆಗೆ ಕಾಲಿಡುವಂತಿಲ್ಲ. ನೆಂಟರು ಬಿಡಿಸಿರುತ್ತಾರೆ ಎಂದು ಪಕ್ಕದವರು, ಪಕ್ಕದವರು ಬಿಡಿಸಿರುತ್ತಾರೆ ಎಂದು ನೆಂಟರು. ಹಳದಿ ಗೂಡುಗಳೆಲ್ಲ ತುದಿಯಲ್ಲಿ ಒದ್ದೆಯಾಗಿ ತೂತಾಗಿದ್ದವು. ಚಂದ್ರಿಕೆಯ ತುಂಬ, ನೆಲದ ತುಂಬ, ಬಿಳಿಯ ಚಿಟ್ಟೆಗಳು. ದಪ್ಪ ಹೊಟ್ಟೆ, ಪುಟ್ಟ ರೆಕ್ಕೆ. ಸಾವಿರಾರು ರೆಕ್ಕೆ ಒಟ್ಟಿಗೆ ಪಟಪಟ ಬಡಿಯುವ ಸದ್ದು ಮಳೆ ಹನಿಯುವ ಹಾಗೆ ಕೇಳುತ್ತಿತ್ತು. ನಾನು ಇಷ್ಟು ವರ್ಷ ಹಲಗೆಯ ಮೇಲೆ ಬರೆದ ಚಿತ್ರಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ.

ಅವಳು ಪಂಚೆಯನ್ನು ನೆಲದ ಮೇಲೆ ಹಾಸಿ, ಕಾಲ ಕೆಳಗೆ ಸಿಕ್ಕುವಂತಿದ್ದ ಚಿಟ್ಟೆಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲೆ ಬಿಟ್ಟಳು. ಹಣ್ಣುಹುಳ ಆರಿಸುವ ಹಾಗೆಯೇ, ಎರಡೇ ಬೆರಳಿನಲ್ಲಿ. ಅವು ರೆಕ್ಕೆ ಬಡಿದುಕೊಂಡು ಅಲ್ಲಲ್ಲೇ ಸುತ್ತಿದವು.

"ಹಾರಲ್ವಾ ಮಿಸ್?"

"ಇಲ್ಲಮ್ಮ. ಇವಕ್ಕೆ ಹಾರಕ್ಕೆ ಬರಲ್ಲ."

ಅವಳು ತಲೆಯಾಡಿಸಿದಳು. ಹೊರಗೆ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಯಾರೋ ಅವಳ ಹೆಸರು ಹಿಡಿದು ಕೂಗಿದರು. ಅವಳು ಓಗೊಡಲಿಲ್ಲ. ಇನ್ನೊಂದು ಚಿಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ, ನನಗೆ ಹೇಳಿದಳೋ ಅದಕ್ಕೆ ಹೇಳಿದಳೋ:

"ಅವ್ವ ಹೇಳಿದ್ದು ಸರೀನೇ ಮಿಸ್. ಮನೇಲಿ ಜನ ಇಲ್ಲ ಅಂತ ಇವಕ್ಕೆ ಗೊತ್ತಾಗೋಗೈತೆ."